ಮುನ್ನೂರು ಮಂದಿಗೆ ಪೂರ್ಣ ತೃಪ್ತಿ

ಐವತ್ತು ದಾಟಿದ ಮೇಲೆ ಕೆಲವರು ಬೆಳಗಿನ ವಾಕಿಂಗ್ ಹಿಡಿಯುತ್ತಾರೆ, ಕೆಲವರು ಭಜನಾ ಮಂಡಳಿ ಹಿಡಿಯುತ್ತಾರೆ, ಇನ್ನು ಕೆಲವರನ್ನು ಸಕ್ಕರೆ ಕಾಯಿಲೆ ತಾನಾಗಿಯೇ ಬಂದು ಹಿಡಿಯುತ್ತದೆ. ನನ್ನನ್ನು ಪಿಎಚ್.ಡಿ. ಹಿಡಿಯಿತು. ಉಳಿದ ಮೂರಕ್ಕೂ ನಮ್ಮ ತರೀಕೆರೆಯಲ್ಲಿ ಬೇಕಾದಷ್ಟು ಜೊತೆಗಾರರು ಸಿಗುತ್ತಾರೆ. ಕಷ್ಟಸುಖ ಹಂಚಿಕೊಳ್ಳಬಹುದು, ಯಾರಿಗೆ ಎಷ್ಟಿದೆ ಎಂದು ಹೋಲಿಸಿ ನೋಡಿ ಸಮಾಧಾನಪಡಬಹುದು. ಪಿಎಚ್.ಡಿ. ಹಿಡಿದವನು ಮಾತ್ರ ಒಬ್ಬನೇ ನರಳಬೇಕು. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿದ ನಾನು ಹೆಸರಿನ ಮುಂದೆ ‘ಡಾ.’ ಇಲ್ಲದೆ ನಿವೃತ್ತನಾಗುವುದೇ ಎಂಬ ಚಿಂತೆ ಶುರುವಾದದ್ದು ಮನೆ ಕಟ್ಟಿಸಿದಾಗ. ಗೇಟಿಗೆ ಹಾಕುವ ಕಲ್ಲಿನ ಫಲಕದಲ್ಲಿ ಹೆಸರು ಕೆತ್ತುವವನು, "ಎಡಗಡೆ ಯಾಕೆ ಸಾರ್ ಇಷ್ಟು ಜಾಗ ಬಿಡಿಸ್ತಿದೀರಾ?" ಎಂದು ಕೇಳಿದ. ಮಾರನೇ ತಿಂಗಳೇ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದೆ.

ನನ್ನ ವಿಷಯ ‘ನಾಗರಿಕ ಸೇವೆಗಳ ವಿತರಣೆಯಲ್ಲಿ ಕಾಲಮಿತಿ ಪಾಲನೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಒಂದು ಅಧ್ಯಯನ’. ಅಂದರೆ, ಜನ ಕಚೇರಿಗೆ ಅರ್ಜಿ ಕೊಟ್ಟರೆ ಹೇಳಿದ ದಿನದೊಳಗೆ ಕೆಲಸ ಆಗುತ್ತದೆಯೋ ಇಲ್ಲವೋ, ಆಗದಿದ್ದರೆ ಏನು ಸುಧಾರಣೆ ಮಾಡಬೇಕು ಎಂದು ಸರ್ಕಾರಕ್ಕೆ ತಿಳಿಹೇಳುವುದು. ಕಾಲಮಿತಿಯ ಮೇಲಿನ ಈ ಅಧ್ಯಯನಕ್ಕೆ ನಾನು ಈವರೆಗೆ ತೆಗೆದುಕೊಂಡಿರುವ ಕಾಲ ಏಳು ವರ್ಷ. ಇದನ್ನು ಯಾರೂ ಎತ್ತಿ ಆಡದಿದ್ದರೆ ನನಗೂ ನೆನಪಾಗುವುದಿಲ್ಲ. ಆದರೆ ನನ್ನ ಹೆಂಡತಿ ಸುಧಾ ಕೆಲಸ ಮಾಡುವುದು ನಾಡಕಚೇರಿಯಲ್ಲಿ. ಯಾವ ಹೋಬಳಿಯದೆಂದು ಎಲ್ಲೂ ಬರೆಯಕೂಡದೆಂದು ಆಕೆಯ ಆಜ್ಞೆಯಾಗಿದೆ. ಬೆಳಗಿನಿಂದ ಸಂಜೆಯವರೆಗೆ ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳ ಅರ್ಜಿ ತೆಗೆದುಕೊಂಡು, ಕಂಪ್ಯೂಟರಿಗೆ ಹತ್ತಿಸಿ, ರಸೀದಿ ಕೊಟ್ಟು ಮನೆಗೆ ಬರುವ ಆಕೆಗೆ ನಾನು ಆಡಳಿತ ಎಂದರೇನು ಎಂದು ವಿವರಿಸುತ್ತೇನೆ. ಒಮ್ಮೆ ಅಧಿಕಾರ ವಿಕೇಂದ್ರೀಕರಣದ ಬಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಹೇಳಿದೆ. ಆಕೆ ಪೂರ್ತಿ ಕೇಳಿ, "ರೀ, ಆ ಮೆಂತ್ಯ ಸೊಪ್ಪು ಸ್ವಲ್ಪ ಬಿಡಿಸಿ ಕೊಡ್ತೀರಾ? ಅಷ್ಟು ಅಧಿಕಾರ ನಿಮಗೆ ಬಿಟ್ಕೊಟ್ಟಿದೀನಿ" ಎಂದಳು.

ಈ ವರ್ಷ ವಿಶ್ವವಿದ್ಯಾಲಯದಿಂದ ಕಡೆಯ ಪತ್ರ ಬಂತು. ಇನ್ನು ಅವಧಿ ವಿಸ್ತರಣೆ ಇಲ್ಲ. ಶಿವಮೊಗ್ಗದಲ್ಲಿರುವ ನನ್ನ ಗೈಡ್ ಫೋನ್ ಮಾಡಿ, "ನಿಮ್ಮ ಸಿದ್ಧಾಂತ ಎಲ್ಲ ಸಾಕು ಮಾರಾಯ್ರೇ. ಮುನ್ನೂರು ಜನರ ಹತ್ರ ಪ್ರಶ್ನಾವಳಿ ತುಂಬಿಸಿ ತನ್ನಿ" ಎಂದರು. ಸರಿ, ಪ್ರಶ್ನಾವಳಿ ಮಾಡಿದೆ. ಯಾವ ಸೇವೆಗಾಗಿ ಹೋಗಿದ್ದಿರಿ, ಎಷ್ಟು ಸಲ ಹೋಗಬೇಕಾಯಿತು, ಸಿಬ್ಬಂದಿಯ ವರ್ತನೆ ಹೇಗಿತ್ತು, ನಿಮಗೆ ತೃಪ್ತಿಯಾಯಿತೇ, ಸುಧಾರಣೆಗೆ ನಿಮ್ಮ ಸಲಹೆ ಏನು. ಇದನ್ನು ಹಿಡಿದುಕೊಂಡು ಮೊದಲು ಕಡೂರಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಸಿಂಗಟಗೆರೆಯ ಕಡೆಯ ಯಜಮಾನರೊಬ್ಬರು ಬಹಳ ವಿಶ್ವಾಸದಿಂದ ಮಾತಿಗೆ ಸಿಕ್ಕರು. ಮೂರು ಪ್ರಶ್ನೆಗೆ ಉತ್ತರ ಹೇಳಿ ನಾಲ್ಕನೆಯದಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ಬಸ್ಸು ಬಂತು. ತೆಂಗಿನಕಾಯಿ ಚೀಲ ಹೊತ್ತು ಓಡಿದರು. ನಾನೂ ಹಿಂದೆ ಓಡಿದೆ. ಕಿಟಕಿಯಿಂದ ತಲೆ ಹಾಕಿ, "ನಿಮ್ದೇನೈತೋ ಅದ್ನೇ ಬರ್ಕಳಿ ಸಾರ್, ನಂದೂ ಅದೇಯ" ಎಂದು ಕೂಗಿ ಹೋದರು. ಅಜ್ಜಂಪುರದಲ್ಲಿ ಇನ್ನೂ ಸೊಗಸು. ಊರು ತಾಲ್ಲೂಕು ಕೇಂದ್ರವಾದ ಮೇಲೆ ನಿಮ್ಮ ಬದುಕಿನಲ್ಲಾದ ಬದಲಾವಣೆ ಏನು ಎಂದು ಬೀಡಾ ಅಂಗಡಿಯವನನ್ನು ಕೇಳಿದೆ. "ಮೊದ್ಲು ಏನಾದ್ರೂ ಕೆಲ್ಸ ಅಂದ್ರೆ ಬುತ್ತಿ ಕಟ್ಕಂಡು ತರೀಕೆರೆಗೆ ಹೋಗ್ತಿದ್ವಿ. ಈಗ ಊಟಕ್ಕೆ ಮನೆಗೇ ಬತ್ತೀವಿ. ಬುತ್ತಿ ತೊಳೆಯೋದೊಂದು ತಪ್ತು" ಎಂದ. ಇದೇ ಮಾತನ್ನು ನಾನು ಎರಡನೇ ಅಧ್ಯಾಯದಲ್ಲಿ ನಲವತ್ತು ಪುಟ ಬರೆದಿದ್ದೆ. ಹೀಗೆ ಎರಡು ವಾರ ಸುತ್ತಿ, ಒಂದು ಜೊತೆ ಚಪ್ಪಲಿ ಸವೆಸಿ, ಒಟ್ಟು ಹನ್ನೊಂದು ಪ್ರಶ್ನಾವಳಿ ತುಂಬಿಸಿದೆ. ಅದರಲ್ಲಿ ಎರಡು ನಮ್ಮ ಸಹೋದ್ಯೋಗಿಗಳದು.

ಆಗ ನೆನಪಾದವರು ಖಲೀಲ್ ಸಾಬರು. ತರೀಕೆರೆಯಲ್ಲಿ ಅವರ ಜೆರಾಕ್ಸ್ ಅಂಗಡಿ ಇರುವುದು ಎಲ್ಲ ಕಚೇರಿಗಳಿಗೂ ನಡೆದು ಹೋಗುವಷ್ಟು ದೂರದಲ್ಲಿ. ಮೂರೂ ತಾಲ್ಲೂಕಿನವರು ಅಲ್ಲಿಗೆ ಬರುತ್ತಾರೆ. ಅವರ ತಾತನ ಕಾಲಕ್ಕೆ ಅದು ಅರ್ಜಿ ಬರೆದುಕೊಡುವ ಮೇಜಾಗಿತ್ತು. ಅಪ್ಪನ ಕಾಲಕ್ಕೆ ಟೈಪ್‌ರೈಟರ್ ಬಂತು, ಇವರ ಕಾಲಕ್ಕೆ ಜೆರಾಕ್ಸ್ ಮೆಷಿನ್. ಯಾವ ಕೆಲಸಕ್ಕೆ ಯಾವ ಫಾರಂ, ಅದಕ್ಕೆ ಏನೇನು ಲಗತ್ತಿಸಬೇಕು ಎಂಬುದು ಮೂರು ತಲೆಮಾರಿನಿಂದ ಆ ಮನೆತನದ ವಿದ್ಯೆ. ನಾನು ಪ್ರಶ್ನಾವಳಿಯ ಕಟ್ಟನ್ನು ಅವರ ಕೈಗಿಟ್ಟು, ಅಂಗಡಿಗೆ ಬಂದವರ ಹತ್ತಿರ ತುಂಬಿಸಿ ಕೊಡುವಿರಾ ಎಂದು ಕೇಳಿದೆ. ಖಲೀಲ್ ಸಾಬರು ಕನ್ನಡಕ ಏರಿಸಿ ಹಾಳೆಯ ಎರಡೂ ಬದಿ ನೋಡಿ, "ಇದೇನು ದೊಡ್ಡ ಕೆಲ್ಸ ಅಲ್ಲ ಮೇಷ್ಟ್ರೇ. ಬಿಟ್ಟೋಗಿ, ನೀಟಾಗಿ ಮಾಡಿಸ್ಕೊಡ್ತೀನಿ" ಎಂದರು. ನಾನು ಖುಷಿಯಿಂದ ಮನೆಗೆ ಬಂದು ಮಧ್ಯಾಹ್ನ ಮಲಗಿದೆ. ಏಳು ವರ್ಷದಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಮಾಡಿರಲಿಲ್ಲ.

ಹದಿನೈದೇ ದಿನಕ್ಕೆ ಮುನ್ನೂರು ಪ್ರಶ್ನಾವಳಿ ಆಟೋದಲ್ಲಿ ಬಂದವು. ಆಟೋ ಯಾಕೆ ಬೇಕಾಯಿತೆಂದು ಕಟ್ಟು ಬಿಚ್ಚಿದ ಮೇಲೆ ತಿಳಿಯಿತು. ಒಂದೊಂದು ಪ್ರಶ್ನಾವಳಿಗೂ ಆಧಾರ್ ಕಾರ್ಡಿನ ಜೆರಾಕ್ಸ್, ರೇಷನ್ ಕಾರ್ಡಿನ ಜೆರಾಕ್ಸ್, ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ, ಫೋಟೊದ ಮೇಲೆ ಅಡ್ಡ ಸಹಿ. ಸಹಿ ಬಾರದವರ ಹೆಬ್ಬೆಟ್ಟು, ಹೆಬ್ಬೆಟ್ಟಿಗೆ ಸಾಕ್ಷಿಯಾಗಿ ಖಲೀಲ್ ಸಾಬರ ಸಹಿ. ಎಲ್ಲಕ್ಕೂ ಮಿಗಿಲಾಗಿ, ‘ನಿಮಗೆ ತೃಪ್ತಿಯಾಯಿತೇ’ ಎಂಬ ಪ್ರಶ್ನೆಗೆ ಮುನ್ನೂರಕ್ಕೆ ಮುನ್ನೂರು ಮಂದಿಯೂ ‘ಪೂರ್ಣ ತೃಪ್ತಿ’ಗೆ ಗುರುತು ಹಾಕಿದ್ದರು. ಮೂರು ತಾಲ್ಲೂಕಿನಲ್ಲಿ ಅತೃಪ್ತನಾದ ಒಬ್ಬನೇ ಒಬ್ಬ ನರಪ್ರಾಣಿ ಇರಲಿಲ್ಲ! ಸುಧಾರಣೆಗೆ ಸಲಹೆ ಎಂಬಲ್ಲಿ ಒಬ್ಬರು ತಮ್ಮ ಖಾತೆ ಬದಲಾಯಿಸಿಕೊಡಬೇಕೆಂದೂ, ಇನ್ನೊಬ್ಬರು ಬೀದಿ ದೀಪ ಹಾಕಿಸಬೇಕೆಂದೂ, ಮತ್ತೊಬ್ಬರು ಮಗಳನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳಬೇಕೆಂದೂ ಕೋರಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸಿದ್ದರು. ನಾನು ಬಿದ್ದಂಬೀಳ ಅಂಗಡಿಗೆ ಓಡಿದೆ.

"ಸಾಬ್ರೇ, ಇದು ಸಂಶೋಧನೆ! ಅರ್ಜಿ ಅಲ್ಲ!"

"ಖಾಲಿ ಗೀಟು ಇರೋ ಹಾಳೆ ಅರ್ಜಿ ಅಲ್ದೆ ಇನ್ನೇನು ಮೇಷ್ಟ್ರೇ?" ಎಂದರು ಖಲೀಲ್ ಸಾಬರು ಶಾಂತವಾಗಿ. "ಫೋಟೊ, ಆಧಾರ್ ಇಲ್ದೆ ಕಳ್ಸಿದ್ರೆ ವಾಪಸ್ ಬರ್ತದೆ. ನಮ್ ಅಂಗಡಿಯಿಂದ ಹೋದ ಅರ್ಜಿ ಒಂದೂ ವಾಪಸ್ ಬಂದಿಲ್ಲ, ನಮ್ಮಪ್ಪನ ಕಾಲದಿಂದ."

"ಆದ್ರೆ ಎಲ್ಲರಿಗೂ ಪೂರ್ಣ ತೃಪ್ತಿ ಅಂತ ಯಾಕೆ ಹಾಕಿಸಿದಿರಿ?"

"ನಾನ್ಯಾಕೆ ಹಾಕಿಸ್ಲಿ? ಅವ್ರೇ ಹಾಕಿದ್ದು. ಕೆಲ್ಸ ಆಗ್ಬೇಕು ಅಂತ ಅರ್ಜಿ ಕೊಡೋನು ಅರ್ಜೀಲೇ ಬೈತಾನಾ ಮೇಷ್ಟ್ರೇ? ನೀವಾದ್ರೆ ಬೈತೀರಾ?"

ನಾನು ಯೋಚಿಸಿದೆ. ವಿಶ್ವವಿದ್ಯಾಲಯಕ್ಕೆ ಬರೆದ ಅವಧಿ ವಿಸ್ತರಣೆಯ ಮೂರು ಅರ್ಜಿಗಳಲ್ಲೂ ಅವರ ದಕ್ಷತೆಯನ್ನು ಹೊಗಳಿದ್ದೆ. ಮನೆಯ ದಾರಿ ಹಿಡಿದೆ.

ಅಸಲಿ ಫಜೀತಿ ಶುರುವಾದದ್ದು ಅಲ್ಲಿಂದ. ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದು ಊಟಕ್ಕೆ ಕೂರಬೇಕು, ಗೇಟು ಸದ್ದಾಯಿತು. ಅರವತ್ತರ ಆಸುಪಾಸಿನ ಹೆಂಗಸು. ಅಮೃತಾಪುರದ ಕಡೆಯವರು, ಹೆಸರು ಕೆಂಚಮ್ಮ, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರಂತೆ. "ಸಾಮಿ, ಮನೆಗೆ ಅಂತ ಹಾಕಿದ್ ನನ್ನರ್ಜಿ ಏನಾಯ್ತು?" ಎಂದು ಕೇಳಿದರು. ಅದು ಅರ್ಜಿಯಲ್ಲವೆಂದೂ, ಸಂಶೋಧನೆಯೆಂದರೇನೆಂದೂ, ಸಂಶೋಧಕನಾದವನು ವ್ಯವಸ್ಥೆಯಿಂದ ದೂರ ನಿಂತು ಅದನ್ನು ನೋಡಬೇಕೆಂದೂ ನಾನು ಹಸಿವು ಮರೆತು ವಿವರಿಸಿದೆ. ಕೆಂಚಮ್ಮ ತಲೆದೂಗುತ್ತಾ ಕೇಳಿದರು. ನನ್ನ ವಿದ್ಯಾರ್ಥಿಗಳು ಒಬ್ಬರೂ ಹಾಗೆ ಕೇಳಿದ್ದಿಲ್ಲ. ಕೊನೆಗೆ, "ಹಂಗಾರೆ ಯಾವತ್ತು ಬರ್ಲಿ ಸಾಮಿ?" ಎಂದರು. ಒಳಗೆ ಸಾರು ಆರುತ್ತಿತ್ತು. ನನ್ನ ಬಾಯಿಂದ, ದೇವರಾಣೆಗೂ ನಾನು ಬೇಕೆಂದು ಹೇಳಿದ್ದಲ್ಲ, "ಮುಂದಿನ ವಾರ ಬನ್ನಿ" ಎಂಬ ಮಾತು ಬಂತು. ಏಳು ವರ್ಷ ಯಾವ ಮಾತಿನ ವಿರುದ್ಧ ಅಧ್ಯಾಯದ ಮೇಲೆ ಅಧ್ಯಾಯ ಬರೆದಿದ್ದೆನೋ ಅದೇ ಮಾತು.

ಮುಂದಿನ ವಾರ ಬಂದೇಬಿಟ್ಟರು. ನಾನು ಕಿಟಕಿಯಿಂದ ನೋಡಿ, ಸುಧಾಗೆ ಪಿಸುದನಿಯಲ್ಲಿ, "ಇಲ್ಲ ಅನ್ನೇ, ಇಲ್ಲ ಅನ್ನೇ" ಎಂದು ಕೈಮುಗಿದು ಬೀರುವಿನ ಹಿಂದೆ ನಿಂತೆ. ಸುಧಾ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಕನ್ನಡದಲ್ಲಿ ಪದವಿಲ್ಲ. ಆದರೂ ಮಾನ ಉಳಿಸಿದಳು. ಹೊರಗೆ ಹೋಗಿ, "ಅವರು ಮೀಟಿಂಗ್‌ಗೆ ಹೋಗಿದಾರೆ" ಎಂದಳು. ಒಳಗೆ ಬಂದು, "ನನ್ನ ಸರ್ವೀಸಿನಲ್ಲೇ ಇಂಥಾ ಸುಳ್ಳು ಕೌಂಟರ್‌ನಲ್ಲಿ ಕೂತು ಹೇಳಿಲ್ಲ, ಗೊತ್ತಾ? ಮನೇಲಿ ಹೇಳಿಸ್ತಿದೀರಾ" ಎಂದಳು.

ಮೂರನೆಯ ಸಲ ಬಂದದ್ದು ಗುರುವಾರ, ನಾನು ಗೇಟಿನ ಹತ್ತಿರವೇ ಸಿಕ್ಕಿಬಿದ್ದೆ. ನಿಮ್ಮ ಕಾಗದ ಮೇಲಿನವರ ಹಂತದಲ್ಲಿದೆ ಎಂದು ಏನೋ ಹೇಳಲು ಹೊರಟೆ. ಕೆಂಚಮ್ಮ ತಡೆದರು. "ಅರ್ಜಿ ಆದಾಗ ಆಗ್ಲಿ ಸಾಮಿ. ನನ್ ಹಕ್ಕುಪತ್ರ ಕೊಟ್ಬುಡಿ. ಸೋಮವಾರ ಪಂಚಾಯ್ತಿಯೋರು ಬತ್ತಾರೆ, ಮನೆ ಕಟ್ಟಕ್ಕೆ ಪಟ್ಟಿ ಮಾಡ್ತಾರೆ. ಅಸಲು ತೋರಿಸ್ದೋರ್ ಹೆಸ್ರು ಮಾತ್ರ ಬರ್ಕಂತಾರಂತೆ." ಹಕ್ಕುಪತ್ರವೆಂದರೆ ಆಕೆಯ ನಿವೇಶನ ಆಕೆಯದೇ ಎನ್ನುವ ಏಕೈಕ ದಾಖಲೆ. ಜೆರಾಕ್ಸ್ ಅಲ್ಲ, ಅಸಲು! ಆ ದಿನ ಖಲೀಲ್ ಸಾಬರ ಅಂಗಡಿಯಲ್ಲಿ ಆಧಾರ್ ಜೆರಾಕ್ಸ್ ಆದ ಕೂಡಲೇ ಕರೆಂಟ್ ಹೋಯಿತಂತೆ. ಹಕ್ಕುಪತ್ರದ್ದು ಆಗಲಿಲ್ಲ. "ಮೇಷ್ಟ್ರು ಓದಿರೋರು, ಎಲ್ಲೂ ಕಳ್ಯಲ್ಲ ಬಿಡವ್ವ" ಎಂದು ಅವರೇ ಧೈರ್ಯ ಹೇಳಿ ಅಸಲನ್ನೇ ಜೊತೆಗಿಟ್ಟು ಕಳಿಸಿದ್ದರಂತೆ. "ಭಾನುವಾರ ಖಂಡಿತ ಕೊಡ್ತೀನಮ್ಮ" ಎಂದೆ.

ಹುಡುಕಿದೆ ಸ್ವಾಮೀ, ಎಂಥಾ ಹುಡುಕಾಟ! ಮುನ್ನೂರು ಪ್ರಶ್ನಾವಳಿಯನ್ನೂ ಒಂದೊಂದಾಗಿ ಬಿಡಿಸಿದೆ. ಕೆಂಚಮ್ಮನದು ಸಿಕ್ಕಿತು. ಫೋಟೊ ಇತ್ತು, ಆಧಾರ್ ಇತ್ತು, ಪೂರ್ಣ ತೃಪ್ತಿಯೂ ಇತ್ತು. ಹಕ್ಕುಪತ್ರ ಇರಲಿಲ್ಲ. ಬೀರು, ಪುಸ್ತಕದ ಗೂಡು, ಹಾಸಿಗೆಯ ಕೆಳಗೆ, ದೇವರ ಮನೆ. ಗಾಬರಿಗೆ ಅಕ್ಕಿ ಡಬ್ಬಕ್ಕೂ ಕೈ ಹಾಕಿದೆ. ಕಾಲೇಜಿಗೆ ರಜೆ ಬರೆದೆ. ಒಬ್ಬ ಹೆಂಗಸು ದಿನಕ್ಕೆ ನೂರು ಮಕ್ಕಳಿಗೆ ಅನ್ನ ಬಸಿದು, ಸೂರಿಗಾಗಿ ಇಟ್ಟುಕೊಂಡಿದ್ದ ಒಂದೇ ಒಂದು ಕಾಗದವನ್ನು ನಾನು ನುಂಗಿ ಕೂತಿದ್ದೆ. ನಾಚಿಕೆಗೆ ಮತ್ತೆ ಮೊದಲಿನಿಂದ ಹುಡುಕಿದೆ. ಎರಡು ದಿನ ನಮ್ಮ ಮನೆಯಲ್ಲಿ ನಡೆಯಲು ದಾರಿಯೇ ಇರಲಿಲ್ಲ. ಸುಧಾ ಅಡುಗೆಮನೆಗೆ ಹೋಗಬೇಕಾದರೆ ಕಡೂರು ತಾಲ್ಲೂಕನ್ನು ದಾಟಿ, ಅಜ್ಜಂಪುರದ ಮೇಲೆ ಕಾಲಿಡದಂತೆ ಗೋಡೆ ಹಿಡಿದು ಹೋಗಬೇಕಿತ್ತು.

ಭಾನುವಾರ ಮೊದಲ ಬಸ್ಸಿಗೇ ಕೆಂಚಮ್ಮ ಬಂದರು. ನಾನು ಬೀರುವಿನ ಹಿಂದೆ ಹೋಗಲಿಲ್ಲ. ಅಲ್ಲಿಯೂ ಕಾಗದ ತುಂಬಿತ್ತು. ಎದುರಿಗೆ ನಿಂತು, "ಅಮ್ಮಾ, ಸಿಗ್ತಾ ಇಲ್ಲ. ತಪ್ಪಾಯ್ತು" ಎಂದೆ. ಕೆಂಚಮ್ಮನ ಮುಖ ಒಂದು ಗಳಿಗೆ ಬಿಳಿಚಿತು. ಆದರೆ ಆಕೆ ಅಳಲೂ ಇಲ್ಲ, ಬೈಯಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಲ್ಲಿಂದ ಶುರು ಮಾಡವಾ?" ಎಂದು ಕಾಗದದ ರಾಶಿಯ ನಡುವೆ ಕೂತುಬಿಟ್ಟರು. ಸುಧಾ ಆಕೆಗೆ ಕಾಫಿ ಕೊಟ್ಟು, ನನ್ನ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು. "ರೀ, ನಮ್ಮ ಆಫೀಸಲ್ಲಿ ಏನಾದ್ರೂ ಸಿಗಲಿಲ್ಲ ಅಂದ್ರೆ ನಾವು ಒಂದೇ ಮಾತು ಕೇಳ್ಕೊಳ್ಳೋದು. ಬಿಚ್ಚಕ್ಕೆ ಎಲ್ರೂ ಹೆದರೋ ಫೈಲ್ ಯಾವುದು? ಅದ್ರಲ್ಲಿರತ್ತೆ. ನಿಮ್ಮತ್ರ ಅಂಥದ್ದು ಯಾವುದಿದೆ?"

ನನ್ನ ಕಣ್ಣು ತಾನಾಗಿಯೇ ಫ್ರಿಜ್ಜಿನ ಮೇಲೆ ಹೋಯಿತು. ಅಲ್ಲಿ ನನ್ನ ಮೂರನೇ ಅಧ್ಯಾಯ ಇತ್ತು. ಪ್ರಶ್ನಾವಳಿಗಳು ಬಂದ ದಿನವೇ ಅದನ್ನು ಸಹೋದ್ಯೋಗಿಯೊಬ್ಬರ ಕೈಲಿ ಶಿವಮೊಗ್ಗಕ್ಕೆ ಕಳಿಸಿದ್ದೆ. ಗೈಡ್ ತಿದ್ದಿ ವಾಪಸ್ ಕಳಿಸಿ ಹತ್ತು ದಿನವಾಗಿತ್ತು. ಒಳಗೆ ಎಷ್ಟು ಕೆಂಪು ಶಾಯಿ ಇದೆಯೋ ಎಂಬ ಹೆದರಿಕೆಗೆ ನಾನು ಬಿಚ್ಚಿರಲಿಲ್ಲ. ಸುಧಾ ಸ್ಟೂಲ್ ಹತ್ತಿ ಇಳಿಸಿದಳು. ಗಟ್ಟಿಯಾದ, ಬಟನ್ ಇರುವ ಪ್ಲಾಸ್ಟಿಕ್ ಕವರ್. ನೋಡಿದ ಕೂಡಲೇ ಕೆಂಚಮ್ಮ, "ಅಯ್ಯೋ, ಇದು ನಂದೇ ಕವರು!" ಎಂದರು. ಆಗ ನೆನಪಾಯಿತು. ಕಟ್ಟು ಬಿಚ್ಚಿದ ದಿನ, ಕವರ್ ಎಷ್ಟು ಚೆನ್ನಾಗಿದೆ ಎಂದು ಮೇಲಿದ್ದ ಪ್ರಶ್ನಾವಳಿ ತೆಗೆದು, ಹಿಂದೆ ಏನಿದೆ ಎಂದೂ ನೋಡದೆ ನನ್ನ ಅಧ್ಯಾಯವನ್ನು ಅದರೊಳಗೆ ತುರುಕಿದ್ದೆ. ಹಕ್ಕುಪತ್ರ ಶಿವಮೊಗ್ಗಕ್ಕೆ ಹೋಗಿ, ನನ್ನ ಗೈಡ್ ಅವರ ಪರಿಶೀಲನೆಗೆ ಒಳಪಟ್ಟು, ಸುಖವಾಗಿ ಹಿಂತಿರುಗಿ ಬಂದು ಹತ್ತು ದಿನದಿಂದ ಫ್ರಿಜ್ಜಿನ ಮೇಲೆ ಕೂತಿತ್ತು. ಅದಕ್ಕೊಂದು ಚೀಟಿ ಅಂಟಿಸಿ ಗೈಡ್ ಬರೆದಿದ್ದರು: ‘ಇದು ಎಷ್ಟನೇ ಅನುಬಂಧ? ಅಧ್ಯಾಯದಲ್ಲಿ ಎಲ್ಲೂ ಪ್ರಸ್ತಾಪವಿಲ್ಲ.’ ಅಧ್ಯಾಯದ ಹೆಸರು ‘ಕಚೇರಿಗಳಲ್ಲಿ ದಾಖಲೆಗಳ ಸುರಕ್ಷಿತ ನಿರ್ವಹಣೆ’. ಕೆಂಚಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲು ಜಾಗವಿರಲಿಲ್ಲ, ಆದ್ದರಿಂದ ನಿಂತಲ್ಲೇ ನಕ್ಕೆ, ಸುಧಾ ನಕ್ಕಳು, ಕೆಂಚಮ್ಮನಂತೂ ಕಾಫಿ ಲೋಟ ಕೆಳಗಿಟ್ಟು ಕಣ್ಣೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಸುಧಾ ಒಂದು ಖಾಲಿ ಪ್ರಶ್ನಾವಳಿ ತೆಗೆದು, ಪೆನ್ನು ಹಿಡಿದು ಕೆಂಚಮ್ಮನ ಪಕ್ಕದಲ್ಲಿ ಕೂತಳು. "ಕೆಂಚಮ್ಮ, ಈಗ ಕಾಗದ ನಿಮ್ಮ ಕೈಲಿದೆ. ಇನ್ನು ಯಾರ ಮುಲಾಜೂ ಇಲ್ಲ. ನಿಜ ಹೇಳ್ಬೇಕು. ಯಾವ ಸೇವೆಗೆ ಹೋಗಿದ್ರಿ?"

"ನನ್ ಕಾಗ್ದ ನಾನು ಈಸ್ಕಳಕ್ಕೆ."

"ಎಷ್ಟು ಸಲ ಹೋಗಬೇಕಾಯ್ತು?"

"ನಾಕ್ ಸಲ. ಬಸ್ಸಲ್ಲಿ ನಿಂತ್ಕಂಡು."

"ಸಿಬ್ಬಂದಿಯ ವರ್ತನೆ?"

ಕೆಂಚಮ್ಮ ನನ್ನ ಕಡೆ ಒಮ್ಮೆ ನೋಡಿದರು. ಸುಧಾ, "ಹೇಳಿ, ಹೇಳಿ" ಎಂದಳು. "ಮನುಷ್ಯ ಒಳ್ಳೇನೇಯ. ಮಾತು ಜಾಸ್ತಿ. ಕೇಳಿದ್ದೊಂದ್ ಬಿಟ್ಟು ಎಲ್ಲಾನೂ ಹೇಳ್ತಾರೆ. ಒಂದಿನ ಒಳಗಿದ್ಕಂಡೇ ಇಲ್ಲ ಅನ್ನಿಸಿದ್ರು. ಚಪ್ಲಿ ಬಾಗ್ಲಾಗೇ ಇದ್ವು."

"ತೃಪ್ತಿಯಾಯ್ತಾ?"

"ಕಾಫಿ ಚೆನ್ನಾಗಿತ್ತು ಕಣವ್ವ."

"ಸುಧಾರಣೆಗೆ ಏನು ಮಾಡ್ಬೇಕು?"

"ಏನಿಲ್ಲ. ಬಂದ ಕಾಗ್ದಾನ ಬಂದ ದಿನಾನೇ ಬಿಚ್ಚಿ ನೋಡ್ಬೇಕು, ಅಷ್ಟೇಯ."

ಸುಧಾ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು, ಸಹಿ ಹಾಕಿಸಿ, ಹಳೆಯ ಪೂರ್ಣ ತೃಪ್ತಿಯನ್ನು ತೆಗೆದು ಆ ಜಾಗದಲ್ಲಿ ಇದನ್ನು ಇಟ್ಟಳು. ಸೋಮವಾರ ಕೆಂಚಮ್ಮನ ಹೆಸರು ಪಟ್ಟಿಗೆ ಹತ್ತಿತೆಂದು ಮಂಗಳವಾರ ಖಲೀಲ್ ಸಾಬರು ಹೇಳಿ ಕಳಿಸಿದರು. ಉಳಿದವರ ಕೋರಿಕೆಗಳನ್ನೂ ಸುಧಾ ಬಿಡಲಿಲ್ಲ. ಯಾರು ಯಾವ ಕಚೇರಿಗೆ, ಯಾವ ಫಾರಂನಲ್ಲಿ ಕೇಳಬೇಕು ಎಂದು ಚೀಟಿ ಬರೆಯುವ ಕೆಲಸ ನನಗೆ ಹಚ್ಚಿದಳು. ಚೀಟಿಗಳು ಅಂಗಡಿಗೆ ಹೋದವು. ಆಧಾರ್ ಜೆರಾಕ್ಸು, ಫೋಟೊಗಳೂ ಅವುಗಳ ಜೊತೆಗೇ ಹಿಂದಿರುಗಿದವು. ಪ್ರಶ್ನಾವಳಿಗಳನ್ನು ಮಾತ್ರ ಕಟ್ಟಿ, ಎದೆ ಗಟ್ಟಿಮಾಡಿಕೊಂಡು ಶಿವಮೊಗ್ಗಕ್ಕೆ ಕಳಿಸಿದೆ.

ನಾಲ್ಕು ದಿನದ ಮೇಲೆ ಗೈಡ್ ಫೋನ್ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿ ಕುರ್ಚಿಯಲ್ಲಿ ಕೂತೇ ಎತ್ತಿದೆ. "ಏನ್ರೀ ಇದು, ಇನ್ನೂರ ತೊಂಬತ್ತೊಂಬತ್ತು ಜನಕ್ಕೂ ಪೂರ್ಣ ತೃಪ್ತಿಯಾ? ಇದನ್ನ ಮೂಟೆ ಕಟ್ಟಿ ಎಸೀರಿ" ಎಂದರು. ಮತ್ತೆ ದನಿ ತಗ್ಗಿತು. "ಆದ್ರೆ ಒಬ್ಬ ಹೆಣ್ಣುಮಗಳದ್ದು ಒಂದಿದೆ ನೋಡಿ. ಏಳು ವರ್ಷದಲ್ಲಿ ನೀವು ತಂದ ಮೊದಲ ನಿಜವಾದ ಮಾಹಿತಿ ಅದು. ಎಂಥಾ ಅಧಿಕಾರಿ ರೀ ಅವನು! ಒಳಗೇ ಇದ್ದು ಇಲ್ಲ ಅನ್ನಿಸೋದಾ? ಬೇರೆಲ್ಲ ಬಿಡಿ, ಆ ಒಂದು ಕಚೇರಿಯ ಮೇಲೇ ಪ್ರಬಂಧ ಬರೀರಿ. ನಿಮಗೆ ಅವಧಿ ಕೊಡಿಸೋ ಜವಾಬ್ದಾರಿ ನನ್ನದು. ಆ ಮನುಷ್ಯ ಎಲ್ಲೇ ಇರಲಿ, ಹಿಡಿದು ಕೂರಿಸಿ ಸಂದರ್ಶನ ಮಾಡಿ. ಯಾಕೆ ಹೀಗೆ ಮಾಡ್ದೆ ಅಂತ ಅವನ ಬಾಯಿಂದಲೇ ಬರಬೇಕು."

ಇದಾಗಿ ಎರಡು ತಿಂಗಳಾಯಿತು. ದಿನವೂ ಬೆಳಿಗ್ಗೆ ಪೆನ್ನು, ಹಾಳೆ, ಪ್ರಶ್ನೆಗಳ ಪಟ್ಟಿ ಇಟ್ಟುಕೊಂಡು ಆ ಅಧಿಕಾರಿಯನ್ನು ಸಂದರ್ಶಿಸಲು ಕೂರುತ್ತೇನೆ. ಬಹಳ ಸಭ್ಯವಾಗಿಯೇ ಮಾತಾಡುತ್ತಾನೆ, ಇಲ್ಲವೆನ್ನಲಾರೆ. ಆದರೆ ಮುಂದಿನ ವಾರ ಬನ್ನಿ ಅನ್ನುತ್ತಾನೆ.